ಆಟೋ ಡಾರ್ಕ್ ವೆಲ್ಡಿಂಗ್ ಹೆಲ್ಮೆಟ್: ಎರಡೂವರೆ ವರ್ಷ ಬಳಸಿದ ಮೇಲೆ

ಇದರ ಕಿಟಕಿ ಮಾಮೂಲಿಗೆ ತಿಳಿಯಾಗಿರುತ್ತದೆ, ವೆಲ್ಡಿಂಗ್‌ನ ಆರ್ಕ್ (ರಾಡ್ ತುದಿಯ ಪ್ರಖರ ಬೆಳಕು) ಎದ್ದ ಕೂಡಲೇ ತಾನೇ ಕಪ್ಪಾಗುತ್ತದೆ. ಬಳಕೆ: ಗೇಟು, ಗ್ರಿಲ್, ಶೀಟಿನ ಟ್ರಸ್. 200 ಆಂಪ್ ಇನ್ವರ್ಟರ್ ಮೆಷಿನ್, ಹೆಚ್ಚಾಗಿ 2.5 ಮತ್ತು 3.15 ಎಂಎಂನ 6013 ಎಂಬ ಸಾಮಾನ್ಯ ವೆಲ್ಡಿಂಗ್ ರಾಡ್. ಹೆಲ್ಮೆಟ್‌ನಲ್ಲಿ ಆರ್ಕ್ ಬೆಳಕು ಗುರುತಿಸುವ ಎರಡು ಸೆನ್ಸರ್, 9ರಿಂದ 13ರವರೆಗೆ ಶೇಡ್ (ಕಪ್ಪಿನ ಮಟ್ಟ), 92×42 ಎಂಎಂ ಕಿಟಕಿ. ಬೆಲೆ ಎರಡು ಸಾವಿರದೊಳಗೆ. ಇದೇ ಅಳತೆಯ ಫಿಲ್ಟರ್ (ಕಪ್ಪಾಗುವ ಕಿಟಕಿ) ಹಲವು ಹೆಸರಿನಲ್ಲಿ ಸಿಗುವುದರಿಂದ ಇಲ್ಲಿ ಬರೆದದ್ದು ಬಹುತೇಕ ಅವುಗಳಿಗೂ ಹೊಂದುತ್ತದೆ.

ಇದರ ದೊಡ್ಡ ಲಾಭ ಟ್ಯಾಕ್ ಹೊಡೆಯುವಾಗ, ಅಂದರೆ ತುಂಡುಗಳು ಜಾಗದಲ್ಲಿ ನಿಲ್ಲಲು ಚುಕ್ಕಿ ಬೆಸುಗೆ ಹಾಕುವಾಗ. ಹ್ಯಾಂಡ್ ಶೀಲ್ಡ್ ಹಿಡಿದರೆ ಒಂದು ಕೈ ಅದಕ್ಕೇ ಹೋಯಿತು, ಆಂಗಲ್ ಹಿಡಿಯಲು ಕೈ ಉಳಿಯುವುದಿಲ್ಲ. ಹಾಗಾಗಿ ಎಷ್ಟೋ ಜನ ಶೀಲ್ಡ್ ಬದಿಗಿಟ್ಟು, ಮುಖ ತಿರುಗಿಸಿ ಟ್ಯಾಕ್ ಹೊಡೆಯುತ್ತಾರೆ. ಕಣ್ಣಿಗೆ ಆರ್ಕ್ ಹೊಡೆಯುವುದು ಇಂಥ ಹೊತ್ತಿನಲ್ಲೇ. ನೋವು ಆಗಲೇ ಬರುವುದಿಲ್ಲ. ಆರೇಳು ಗಂಟೆ ಕಳೆದು, ಮಲಗುವ ಹೊತ್ತಿಗೆ ಕಣ್ಣಿಗೆ ಮರಳು ಸುರಿದ ಹಾಗೆ ಶುರುವಾಗುತ್ತದೆ. ಉರಿ ತಗ್ಗಲೆಂದು ಕಣ್ಣಿನ ಮೇಲೆ ಆಲೂಗಡ್ಡೆ ಹೋಳು ಇಡಬೇಡಿ. ಮರಗಟ್ಟಿಸುವ ಹನಿಯನ್ನು ಡಾಕ್ಟರಿಗೆ ತೋರಿಸದೆ ಹಾಕಲೇಬೇಡಿ. ನೋವು ಅಡಗುತ್ತದೆ, ಗಾಯ ಮಾಯುವುದು ತಡವಾಗುತ್ತದೆ. ಈ ಹೆಲ್ಮೆಟ್ ಹಾಕಿದರೆ ರಾಡ್ ತುದಿಯನ್ನು ಸರಿಯಾದ ಜಾಗಕ್ಕೆ ಇಟ್ಟು, ನೋಡುತ್ತಲೇ ಆರ್ಕ್ ಎಬ್ಬಿಸಬಹುದು.

ಇನ್ನು ದೋಷಗಳು. ಸೆನ್ಸರ್ ಎರಡೇ ಇರುವುದರಿಂದ ಪೈಪಿನ ಹಿಂಬದಿ, ಗ್ರಿಲ್‌ನ ಒಳಮೂಲೆ ಇಂಥ ಕಡೆ ಕಬ್ಬಿಣವೇ ಅಡ್ಡ ಬಂದು ಸೆನ್ಸರ್‌ಗೆ ಬೆಳಕು ತಲುಪುವುದಿಲ್ಲ. ಕಿಟಕಿ ಮಿನುಗುತ್ತದೆ, ಇಲ್ಲವೇ ನಡುವೆಯೇ ತಿಳಿಯಾಗುತ್ತದೆ. ಕಪ್ಪಾಗದಿದ್ದರೂ ಒಳ್ಳೆಯ ಫಿಲ್ಟರ್‌ನಲ್ಲಿ ಯುವಿ, ಇನ್‌ಫ್ರಾರೆಡ್ ತಡೆಯುವ ಪದರ ಸದಾ ಇರುತ್ತದೆ. ಆದರೆ ಕಣ್ಣು ಕುಕ್ಕುವ ಬೆಳಕು ಒಳಗೆ ಬಂದೇ ಬರುತ್ತದೆ, ಅದನ್ನು ಸಹಿಸಿಕೊಂಡು ಕೆಲಸ ಮುಂದುವರಿಸಬಾರದು. ಪೈಪ್ ಕೆಲಸ ಜಾಸ್ತಿಯಿದ್ದರೆ ನಾಲ್ಕು ಸೆನ್ಸರಿನದೇ ತೆಗೆದುಕೊಳ್ಳಿ. ಕಡಿಮೆ ಆಂಪ್‌ನ ಟಿಗ್‌ಗೂ (ಆರ್ಗಾನ್ ಗ್ಯಾಸ್ ವೆಲ್ಡಿಂಗ್) ಇದು ಸಾಲದು.

ಶೇಡ್ ವಿಷಯ: 2.5 ರಾಡ್‌ಗೆ 70–80 ಆಂಪ್‌ನಲ್ಲಿ 10, 3.15ಕ್ಕೆ 100–130 ಆಂಪ್‌ನಲ್ಲಿ 11 ಸರಿಹೋಗುತ್ತದೆ. 13ಕ್ಕೆ ಇಟ್ಟರೆ ಕಣ್ಣಿಗೆ ಇನ್ನೂ ಒಳ್ಳೆಯದು ಎಂಬುದು ತಪ್ಪು. ಕರಗಿದ ಲೋಹವೂ ಸ್ಲ್ಯಾಗೂ (ಅದರ ಮೇಲೆ ಕಟ್ಟುವ ಕಿಟ್ಟ) ಬೇರೆ ಬೇರೆಯಾಗಿ ಕಾಣದೆ ಮುಖ ಹತ್ತಿರ ಹೋಗುತ್ತದೆ, ಹೊಗೆಯೆಲ್ಲ ಮೂಗಿಗೆ ಬರುತ್ತದೆ. ನಲವತ್ತು ದಾಟಿದವರು ಹೆಲ್ಮೆಟ್ ಬೈಯುವ ಮೊದಲು ಒಳಗೆ ಚಾಳೀಸು ಹಾಕಿ ನೋಡಲಿ. ಆರ್ಕ್ ನಿಂತ ಮೇಲೆ ಕಿಟಕಿ ಎಷ್ಟು ಹೊತ್ತಿಗೆ ತಿಳಿಯಾಗಬೇಕು ಎಂದು ಹೊಂದಿಸುವ ಡಿಲೇ ನಾಬ್ ಟ್ಯಾಕ್‌ಗೆ ಕಡಿಮೆ, ಉದ್ದ ಬೀಡ್‌ಗೆ (ಬೆಸುಗೆಯ ಗೆರೆ) ಜಾಸ್ತಿ. ಪಕ್ಕದಲ್ಲಿ ಇನ್ನೊಬ್ಬರು ವೆಲ್ಡ್ ಮಾಡುತ್ತಿದ್ದರೆ ಸೆನ್ಸಿಟಿವಿಟಿ ಸ್ವಲ್ಪ ಇಳಿಸಬೇಕು. ಗ್ರೈಂಡ್ ಮೋಡ್‌ನಲ್ಲಿ ಫಿಲ್ಟರ್ ಕಪ್ಪಾಗುವುದೇ ಇಲ್ಲ. ಗ್ರೈಂಡಿಂಗ್ ಮುಗಿಸಿ ನಾಬ್ ತಿರುಗಿಸದೆ ರಾಡ್ ತಾಗಿಸಿದರೆ ಫ್ಲ್ಯಾಶ್ ನೇರ ಕಣ್ಣಿಗೆ. ಈ ಕಾರಣಕ್ಕೆ ಗ್ರೈಂಡಿಂಗ್‌ಗೆ ಬೇರೆ ಫೇಸ್ ಶೀಲ್ಡ್ ಇಡುವುದೇ ಮೇಲು.

ಫಿಲ್ಟರ್‌ನ ಆಯುಸ್ಸು ಇರುವುದು ಹೊರಗಿನ ಪಾಲಿಕಾರ್ಬೊನೇಟ್ ಕವರ್‌ನಲ್ಲಿ. ಕಿಡಿ ಬಿದ್ದ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಕಂದು ಗುಳಿ, ನಡುವೆ ಅಂಟಿಕೊಂಡ ಕಬ್ಬಿಣದ ಚೂರು. ಇಂಥವು ಹತ್ತಿಪ್ಪತ್ತಾದರೆ ಬೀಡ್ ಮಂಜು ಕವಿದಂತೆ ಕಾಣುತ್ತದೆ, ಸೆನ್ಸರ್ ಮೇಲೂ ಬಿದ್ದಿದ್ದರೆ ಕಪ್ಪಾಗುವುದೂ ತಪ್ಪುತ್ತದೆ. ಈ ಕೆಲಸಕ್ಕೆ ಎರಡು ಮೂರು ವಾರಕ್ಕೊಂದು ಕವರ್ ಬೇಕು. ತಲೆಮೇಲಿನ ವೆಲ್ಡಿಂಗ್ ಇದ್ದರೆ ಇನ್ನೂ ಬೇಗ. ಕವರ್ ಮುಗಿದಿದೆ ಎಂದು ಬರೀ ಫಿಲ್ಟರ್‌ನಲ್ಲಿ ಒಂದು ದಿನ ಓಡಿಸಿದರೂ ಫಿಲ್ಟರ್ ಹಾಳು. ಥಿನ್ನರ್, ಪೆಟ್ರೋಲ್ ಹಾಕಿ ಒರೆಸಿದರೆ ಕವರ್ ಮಬ್ಬಾಗಿ ಬಿರುಕು ಬಿಡುತ್ತದೆ. ಒದ್ದೆ ಹತ್ತಿ ಬಟ್ಟೆ ಸಾಕು. ಹೊಸ ಕವರ್‌ನ ಎರಡೂ ಬದಿಯ ತೆಳು ಪ್ಲಾಸ್ಟಿಕ್ ಹಾಳೆ ಕಿತ್ತು ಹಾಕಲು ಮರೆಯಬೇಡಿ.

ಡಬ್ಬದ ಮೇಲೆ ಸೋಲಾರ್ ಅಂತ ಇದ್ದರೂ ಒಳಗೆ ಲಿಥಿಯಂ ಸೆಲ್ ಇದೆ, ಈ ಮಾದರಿಯಲ್ಲಿ ಅದನ್ನು ಬದಲಿಸಲು ಬಾಗಿಲಿಲ್ಲ. ಎರಡು ವರ್ಷದ ಹೊತ್ತಿಗೆ ಕಪ್ಪಾಗುವುದು ಒಂದು ಕ್ಷಣ ತಡವಾಗತೊಡಗಿತು, ಆಗಲೇ ಫಿಲ್ಟರ್ ಬದಲಿಸಬೇಕಾಯಿತು. ಅದಕ್ಕೇ ದಿನಾ ಬೆಳಿಗ್ಗೆ ಪರೀಕ್ಷೆ: ಹೆಲ್ಮೆಟ್ ಕೈಯಲ್ಲೇ ಹಿಡಿದು, ಸೆನ್ಸಿಟಿವಿಟಿ ಪೂರ್ತಿ ಏರಿಸಿ, ನೆರಳಿನಿಂದ ಬಿಸಿಲಿಗೆ ತಿರುಗಿಸಿ. ಕಿಟಕಿ ತಕ್ಷಣ, ಒಂದೇ ಸಮ ಕಪ್ಪಾಗಬೇಕು. ಮೂಲೆಯಲ್ಲಿ ತಿಳಿ ಕಲೆ ಕಂಡರೂ ಆ ಫಿಲ್ಟರ್ ಬೇಡ. ಬಿಸಿಲಲ್ಲಿ ನಿಂತ ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ.

ಹೊಗೆಗೆ ಇದು ಏನೂ ಮಾಡುವುದಿಲ್ಲ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಮೂಗಿಗೆ ಕಟ್ಟುವ ಕರ್ಚೀಫ್ ಆ ಸಣ್ಣ ಕಣ ತಡೆಯದು. ಐಎಸ್ 9473 ಎಂಬ ಭಾರತೀಯ ಮಾನಕದ ಗುರುತಿನ ಎಫ್‌ಎಫ್‌ಪಿ2 ಮಾಸ್ಕ್ ಈ ಹೆಲ್ಮೆಟ್ ಒಳಗೆ ಆರಾಮಾಗಿ ಕೂರುತ್ತದೆ. ಜಿಐ ಪೈಪಾದರೆ ಜೋಡಣೆಯ ಎರಡೂ ಕಡೆ ಸತುವಿನ ಲೇಪ ಉಜ್ಜಿ ತೆಗೆದೇ ಬೆಸೆಯಬೇಕು, ಇಲ್ಲದಿದ್ದರೆ ಸತುವಿನ ಹೊಗೆಯಿಂದ ರಾತ್ರಿ ಚಳಿಜ್ವರ. ಗದ್ದದ ಕೆಳಗೆ ಕುತ್ತಿಗೆ ತೆರೆದೇ ಉಳಿಯುತ್ತದೆ. ಚರ್ಮದ ಬಿಬ್ ಬೇರೆ ಕೊಳ್ಳಬೇಕು.

ಕೊಳ್ಳುವಾಗ ಫಿಲ್ಟರ್ ಮೇಲೆ ಇಎನ್ 379 (ಇಂಥ ಫಿಲ್ಟರ್‌ಗಳ ಯುರೋಪಿನ ಮಾನಕ) ಗುರುತು ಮತ್ತು 1/1/1/2ರಂಥ ನಾಲ್ಕು ಅಂಕಿ ಇವೆಯೇ ನೋಡಿ. ಅಂಕಿ ಚಿಕ್ಕದಾದಷ್ಟೂ ನೋಟ ಚೆನ್ನ. ಕೊನೆಯದು ಓರೆಯಾಗಿ ನೋಡಿದಾಗಿನ ಗುಣ. ಟ್ಯಾಕ್, ಗ್ರಿಲ್ ಕೆಲಸಕ್ಕೆ ಇದನ್ನೇ ಮತ್ತೆ ಕೊಳ್ಳಬಹುದು. ಆದರೆ ಜೊತೆಗೇ ಅದೇ ಅಳತೆಯ ಹತ್ತು ಕವರ್ ತಂದಿಡಿ. 11ರ ಕಪ್ಪು ಗ್ಲಾಸ್ ಹಾಕಿದ ಹಳೆಯ ಹ್ಯಾಂಡ್ ಶೀಲ್ಡ್ ಮೆಷಿನ್ ಪಕ್ಕದಲ್ಲೇ ಇರಲಿ, ಫಿಲ್ಟರ್ ಮಿನುಗಿದ ದಿನ ಅದೇ ಬೇಕಾಗುತ್ತದೆ.