ಹಳೇ ಸ್ಟೀರಿಯೋ ಕಿತ್ತು ಹಾಕುವ ಮೊದಲು ಚೇಂಜರ್ ಅಡಾಪ್ಟರ್ ಹಾಕಿ ನೋಡಿ

ನನ್ನ ಕಾರು 2002ರದ್ದು. ಡ್ಯಾಶ್‌ಬೋರ್ಡಿನಲ್ಲಿರುವುದು ಕಾರಿನ ಜೊತೆಗೇ ಬಂದ ಕಂಪನಿ ಸ್ಟೀರಿಯೋ. ರೇಡಿಯೋ ಇದೆ, ಕ್ಯಾಸೆಟ್ ಇದೆ, ‘ಸಿಡಿ-ಸಿ’ ಅಂತ ಬರೆದಿರುವ ಒಂದು ಗುಂಡಿಯೂ ಇದೆ. ಆ ಗುಂಡಿ ಒತ್ತಿದರೆ ಇಷ್ಟು ವರ್ಷ ಏನೂ ಆಗುತ್ತಿರಲಿಲ್ಲ. ಹೊರಗಿನ ಪ್ಲೇಯರ್ ವೈರು ಸಿಕ್ಕಿಸುವ ಆಕ್ಸ್ ಜ್ಯಾಕ್ ಇಲ್ಲ, ಯುಎಸ್‌ಬಿ ಇಲ್ಲ. ಕೇಳಬೇಕಾದ ಹಾಡುಗಳೆಲ್ಲ ಇರುವುದು ನನ್ನ ಐಪಾಡ್ ಕ್ಲಾಸಿಕ್‌ನಲ್ಲಿ. ಅದರ ಚಕ್ರ ಬೆರಳಿಗೆ ಎಷ್ಟು ಅಭ್ಯಾಸವಾಗಿದೆ ಅಂದರೆ, ಸಿಗ್ನಲ್ಲಿನಲ್ಲಿ ನಿಂತಾಗ ಅದರ ಕಡೆ ನೋಡದೆಯೇ ಮುಂದಿನ ಹಾಡಿಗೆ ಹೋಗಬಲ್ಲೆ. ಇವೆರಡನ್ನೂ ಜೋಡಿಸಲು ಒಂದಾದಮೇಲೊಂದು ಮೂರು ಸಾಮಾನು ಕೊಂಡೆ. ಮೂರನೆಯದು, ಅಂದರೆ ಚೇಂಜರ್ ಅಡಾಪ್ಟರ್, ಒಂದೂವರೆ ವರ್ಷದಿಂದ ಕಾರಿನಲ್ಲೇ ಇದೆ.

ಸ್ಟೀರಿಯೋನೇ ಬದಲಾಯಿಸಿಬಿಡಿ ಅಂತ ಕೇಳಿದವರೆಲ್ಲ ಹೇಳಿದರು. ನನಗೆ ಮನಸ್ಸು ಬರಲಿಲ್ಲ. ಅದರ ಆಂಪ್ಲಿಫೈಯರ್ ಚೆನ್ನಾಗಿದೆ, ಸ್ಪೀಕರುಗಳು ಇನ್ನೂ ಗಟ್ಟಿಯಾಗಿವೆ, ರಾತ್ರಿ ಅದರ ಗುಂಡಿಗಳ ಬೆಳಕು ಮೀಟರಿನ ಬೆಳಕಿಗೆ ಸರಿಯಾಗಿ ಹೊಂದುತ್ತದೆ. ಸರಿಯಾಗಿ ಕೆಲಸ ಮಾಡುವ ವಸ್ತುವನ್ನು ಒಂದು ಜ್ಯಾಕ್ ಇಲ್ಲ ಅನ್ನೋ ಕಾರಣಕ್ಕೆ ಕಿತ್ತು ಬಿಸಾಡುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಮೊದಲು ತಂದದ್ದು ಎಫ್‌ಎಂ ಟ್ರಾನ್ಸ್‌ಮಿಟರ್. ಪ್ಲೇಯರಿನ ಹಾಡನ್ನು ರೇಡಿಯೋ ಅಲೆಯಾಗಿ ಕಾರಿನ ರೇಡಿಯೋಗೆ ಕಳಿಸುತ್ತದೆ. ಇದರ ಬಗ್ಗೆ ಹೆಚ್ಚು ಹೇಳಲು ಏನಿಲ್ಲ. 87.5ರಿಂದ 108 ಮೆಗಾಹರ್ಟ್ಸ್ ನಡುವೆ ಖಾಲಿ ಇರುವ ಜಾಗ ಹುಡುಕಿ ಕೂರಿಸಬೇಕು. ಅರ್ಧ ಗಂಟೆ ಕಾರು ಓಡಿಸುವಷ್ಟರಲ್ಲಿ ಆ ಜಾಗಕ್ಕೆ ಬೇರೊಂದು ಸ್ಟೇಷನ್ ಬಂದು ಕೂತಿರುತ್ತದೆ. ಒಂದು ವಾರಕ್ಕೆ ಬೇಸತ್ತು ತೆಗೆದಿಟ್ಟೆ.

ಎರಡನೆಯದು ಕ್ಯಾಸೆಟ್ ಅಡಾಪ್ಟರ್. ಇದಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ ಅಂತ ನನಗನ್ನಿಸುತ್ತದೆ. ನೋಡಲು ಕ್ಯಾಸೆಟ್, ಆದರೆ ಒಳಗೆ ಟೇಪ್ ಇಲ್ಲ. ಟೇಪ್ ಇರಬೇಕಾದ ಕಡೆ ಒಂದು ಪುಟ್ಟ ಹೆಡ್ ಇದೆ. ಪ್ಲೇಯರಿನಿಂದ ಬರುವ ಸಿಗ್ನಲ್ ಅದರ ಸುರುಳಿಯಲ್ಲಿ ಹರಿದು ಕಾಂತಕ್ಷೇತ್ರ ಹುಟ್ಟಿಸುತ್ತದೆ, ಅದಕ್ಕೆ ಮುಖ ಕೊಟ್ಟು ಕೂತ ಸ್ಟೀರಿಯೋದ ಹೆಡ್ ಅದನ್ನು ಟೇಪ್ ಓದಿದ ಹಾಗೇ ಓದುತ್ತದೆ. ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಟೇಪಿನ ಹಿಸ್ ಸದ್ದು ತಗ್ಗಿಸುವ ಡಾಲ್ಬಿ ಗುಂಡಿ ಆಫ್ ಮಾಡಿದಾಗ ದನಿ ಎಷ್ಟೋ ತಿಳಿಯಾಯಿತು. ಡಾಲ್ಬಿ ಆನ್ ಇದ್ದರೆ ತಾರದ ಸ್ವರಗಳೆಲ್ಲ ಮಂಕಾಗುತ್ತವೆ, ಇದನ್ನು ಮರೆಯಬೇಡಿ. ತೊಂದರೆ ಇದ್ದದ್ದು ಒಳಗಿನ ಹಲ್ಲುಚಕ್ರಗಳದ್ದು. ಹಾಡು ಮೆಲ್ಲಗಾದಾಗಲೆಲ್ಲ ಕಟಕಟ ಸದ್ದು. ಬಿಸಿಲಲ್ಲಿ ನಿಂತ ಕಾರಿನಲ್ಲಂತೂ ಚಕ್ರ ಬಿಗಿಯಾಗಿ, ಟೇಪ್ ಮುಗಿಯಿತು ಅಂತ ತಿಳಿದು ಸ್ಟೀರಿಯೋ ಸೈಡ್ ಬದಲಾಯಿಸುತ್ತಲೇ ಇರುತ್ತಿತ್ತು.

ಆಮೇಲೆ ಬಂದದ್ದು ಚೇಂಜರ್ ಅಡಾಪ್ಟರ್. ಆ ಕಾಲದ ಎಷ್ಟೋ ಕಾರುಗಳಲ್ಲಿ ಡಿಕ್ಕಿಯಲ್ಲೋ ಸೀಟಿನ ಕೆಳಗೋ ಆರು ಸಿಡಿ ಹಿಡಿಸಿ ಬೇಕಾದ್ದನ್ನು ನುಡಿಸುವ ಸಿಡಿ ಚೇಂಜರ್ (‘ಸಿಡಿ-ಸಿ’ ಗುಂಡಿ ಇರುವುದು ಅದಕ್ಕೇ) ಇಟ್ಟುಕೊಳ್ಳಲು ಅವಕಾಶವಿತ್ತು. ಅದರ ವೈರು ಬಂದು ಸೇರುವ ಸಾಕೆಟ್ ಸ್ಟೀರಿಯೋದ ಬೆನ್ನಲ್ಲಿ ಇರುತ್ತದೆ. ಆ ಸಾಕೆಟ್ಟಿನಲ್ಲಿ ಎಡ ಬಲ ಎರಡೂ ಚಾನೆಲ್ಲಿನ ಆಡಿಯೋ ಪಿನ್ನುಗಳಿವೆ. ಆದರೆ ಬರೀ ವೈರು ಸಿಕ್ಕಿಸಿದರೆ ಸ್ಟೀರಿಯೋ ಒಪ್ಪುವುದಿಲ್ಲ. ಚೇಂಜರ್ ಇದೆಯಾ ಅಂತ ಅದು ಡೇಟಾ ಪಿನ್ ಮೂಲಕ ಕೇಳುತ್ತದೆ, ಉತ್ತರ ಬಂದರೆ ಮಾತ್ರ ಆ ದಾರಿ ತೆರೆಯುತ್ತದೆ. ಅಡಾಪ್ಟರಿನ ಕೆಲಸ ಆ ಉತ್ತರ ಕೊಡುವುದು. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಡಬ್ಬಿ, ಒಂದು ಕಡೆ ಸ್ಟೀರಿಯೋಗೆ ಹೋಗುವ ಪ್ಲಗ್, ಇನ್ನೊಂದು ಕಡೆ 3.5 ಮಿ.ಮೀ. ಜ್ಯಾಕ್.

ನಾನು ಮೊದಲು ತರಿಸಿದ್ದು ತಪ್ಪು ಮಾಡೆಲ್. ಮಾರುವವರು ನನ್ನ ಕಾರಿನ ಹೆಸರನ್ನೇ ಬರೆದಿದ್ದರು, ಪ್ಲಗ್ ಕೂಡ ಸರಿಯಾಗಿ ಕೂತಿತು, ಆದರೂ ಸ್ಟೀರಿಯೋ ಅದನ್ನು ಚೇಂಜರ್ ಅಂತ ಗುರುತಿಸಲೇ ಇಲ್ಲ. ಪ್ಲಗ್ಗಿನ ಆಕಾರ ಒಂದೇ ಇದ್ದರೂ ಒಳಗಿನ ಭಾಷೆ ಬೇರೆ ಇರಬಹುದು ಅಂತ ಆಗ ಅರ್ಥವಾಯಿತು. ಹಾಗಾಗಿ ಕಾರಿನ ಹೆಸರು ನಂಬಿ ಕೊಳ್ಳಬೇಡಿ. ಸ್ಟೀರಿಯೋ ಹೊರಗೆಳೆದು, ಅದರ ಡಬ್ಬಿಯ ಮೇಲೆ ಅಂಟಿಸಿರುವ ಲೇಬಲ್ಲಿನ ಮಾಡೆಲ್ ನಂಬರ್ ಬರೆದುಕೊಂಡು ಕೊಳ್ಳಿ. ಇನ್ನೊಂದು ಮಾತು: ಬ್ಯಾಟರಿ ವೈರು ಬಿಚ್ಚುವ ಮೊದಲು ರೇಡಿಯೋ ಕೋಡ್ ಕೈಯಲ್ಲಿರಲಿ. ಕೋಡ್ ಬೇಡುವ ಸ್ಟೀರಿಯೋ ಆಗಿದ್ದರೆ, ವಿದ್ಯುತ್ ಹೋಗಿ ಬಂದ ಮೇಲೆ ಅದಿಲ್ಲದೆ ಬಾಯಿ ಬಿಡುವುದಿಲ್ಲ. ನನ್ನ ಕೋಡ್ ಕಾರಿನ ಪುಸ್ತಕದ ನಡುವೆ ಸಿಕ್ಕಿಸಿದ್ದ ಚೀಟಿಯಲ್ಲಿತ್ತು.

ಸರಿಯಾದ ಅಡಾಪ್ಟರ್ ಬಂದ ದಿನ ಅದೇ ‘ಸಿಡಿ-ಸಿ’ ಗುಂಡಿ ಒತ್ತಿದೆ. ಪರದೆಯಲ್ಲಿ ‘ಸಿಡಿ 1, ಟ್ರ್ಯಾಕ್ 1’ ಅಂತ ಮೂಡಿತು. ಕೊಳಲಿನ ಒಂದು ಧ್ವನಿಮುದ್ರಣ ಹಾಕಿದೆ. ವಾದಕರು ಉಸಿರೆಳೆದುಕೊಳ್ಳುವ ಸದ್ದು ಎಡಗಡೆ ಸ್ಪೀಕರಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಕ್ಯಾಸೆಟ್ ಅಡಾಪ್ಟರಿನಲ್ಲಿ ಆ ಉಸಿರು ಕಟಕಟದಲ್ಲಿ ಮುಚ್ಚಿಹೋಗಿರುತ್ತಿತ್ತು. ಕಾರು ನಿಂತಲ್ಲೇ ಇಡೀ ಹಾಡು ಕೇಳಿದೆ.

ಎಂಜಿನ್ ಸ್ಟಾರ್ಟ್ ಮಾಡಿದಾಗ ಸಮಸ್ಯೆ ಶುರುವಾಯಿತು. ಹಾಡಿನ ಹಿಂದೆ ಸಣ್ಣಗೆ ‘ಕುಂಯ್’ ಅನ್ನುವ ಸದ್ದು, ಆಕ್ಸಿಲರೇಟರ್ ಒತ್ತಿದಂತೆಲ್ಲ ಅದರ ಶ್ರುತಿ ಏರುತ್ತದೆ. ಎಂಜಿನ್ ತಿರುಗುವಾಗ ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರಿನದು ಅಂತ ಗೊತ್ತಾಯಿತು, ಆದರೆ ಎಲ್ಲಿಂದ ಒಳಗೆ ಬರುತ್ತಿದೆ? ಚಾರ್ಜರ್ ಕಿತ್ತೆ. ಸದ್ದು ತಕ್ಷಣ ನಿಂತಿತು. ಐಪಾಡಿಗೆ ಚಾರ್ಜರಿನಿಂದ ಒಂದು ಗ್ರೌಂಡ್ (ವಿದ್ಯುತ್ ಮರಳಿ ಹೋಗುವ ದಾರಿ), ಆಡಿಯೋ ವೈರಿನಿಂದ ಇನ್ನೊಂದು ಗ್ರೌಂಡ್ ಸಿಕ್ಕಿ ಎರಡೂ ಸೇರಿ ಒಂದು ಸುತ್ತು ಆಗಿತ್ತು, ಕಾರಿನ ವಿದ್ಯುತ್ತಿನ ಗದ್ದಲ ಆ ಸುತ್ತಿನಲ್ಲಿ ಹರಿಯುತ್ತಿತ್ತು. ಆಡಿಯೋ ವೈರಿನ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿದ ಮೇಲೆ ಚಾರ್ಜರ್ ಇದ್ದರೂ ಸದ್ದಿಲ್ಲ. ಅದರೊಳಗೆ ಇರುವುದು ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಅಷ್ಟೇ: ಹಾಡು ಕಾಂತದ ಮೂಲಕ ದಾಟುತ್ತದೆ, ಗ್ರೌಂಡ್ ದಾಟುವುದಿಲ್ಲ. ತೀರಾ ಚಿಕ್ಕದನ್ನು ತಂದರೆ ಮಂದ್ರದ ಸ್ವರಗಳು ಸೊರಗುತ್ತವೆ. ನಾನು ಮೊದಲು ತಂದದ್ದು ಹಾಗೇ ಆಯಿತು, ಬದಲಾಯಿಸಿದೆ.

ಪ್ಲೇಯರಿನ ಹೆಡ್‌ಫೋನ್ ಜ್ಯಾಕಿಗೆ ಬದಲು ಕೆಳಗಿನ 30 ಪಿನ್ ಡಾಕ್‌ನಿಂದ ಲೈನ್ ಔಟ್ ವೈರು ಎಳೆದುಕೊಂಡೆ. ಅಲ್ಲಿ ಸಿಗ್ನಲ್ಲಿನ ಮಟ್ಟ ಬದಲಾಗುವುದಿಲ್ಲ, ವಾಲ್ಯೂಮ್ ಎಲ್ಲ ಸ್ಟೀರಿಯೋದಲ್ಲೇ. ಬೇರೆ ಪ್ಲೇಯರ್ ಇದ್ದು ಹೆಡ್‌ಫೋನ್ ಜ್ಯಾಕೇ ಗತಿ ಅಂದರೆ ಅದರ ವಾಲ್ಯೂಮ್ ಮುಕ್ಕಾಲು ಭಾಗಕ್ಕೆ ಇಟ್ಟು ಉಳಿದದ್ದನ್ನು ಸ್ಟೀರಿಯೋದಲ್ಲಿ ಏರಿಸಿ. ಪೂರ್ತಿ ಏರಿಸಿದರೆ ದನಿ ಒಡೆಯಬಹುದು, ತೀರಾ ಇಳಿಸಿದರೆ ಸ್ಟೀರಿಯೋ ಏರಿಸಿದಾಗ ಜೊತೆಗೆ ಹಿಸ್ ಸದ್ದೂ ಏರುತ್ತದೆ.

ಕೊರತೆ ಅಂದರೆ, ನಾನು ಕೊಂಡ ಮಾಡೆಲ್ಲಿನಲ್ಲಿ ಸ್ಟೀರಿಯೋದ ಗುಂಡಿಯಿಂದ ಹಾಡು ಬದಲಾಯಿಸಲು ಆಗುವುದಿಲ್ಲ, ಪರದೆಯಲ್ಲಿ ಯಾವಾಗಲೂ ಟ್ರ್ಯಾಕ್ 1. ಜ್ಯಾಕಿನ ವೈರು ಗ್ಲೋವ್ ಬಾಕ್ಸ್‌ವರೆಗೆ ಮಾತ್ರ ಬರುತ್ತದೆ. ಹಿಂದಿನ ಸೀಟಿನವರು ಹಾಡು ಹಾಕಬೇಕು ಅಂದರೆ ಅದೇ ಜ್ಯಾಕಿಗೆ ಪುಟ್ಟ ಬ್ಲೂಟೂತ್ ರಿಸೀವರ್ ಸಿಕ್ಕಿಸುತ್ತೇನೆ, ಫೋನಿನಿಂದ ನುಡಿಸುತ್ತಾರೆ. ಕ್ಯಾಸೆಟ್ ಅಡಾಪ್ಟರನ್ನು ಕೊಟ್ಟುಬಿಟ್ಟಿಲ್ಲ, ಗ್ಲೋವ್ ಬಾಕ್ಸ್‌ನಲ್ಲೇ ಇದೆ. ಚೇಂಜರ್ ಸಾಕೆಟ್ ಇಲ್ಲದ ಹಳೇ ಕಾರು ಇಟ್ಟುಕೊಂಡ ಸ್ನೇಹಿತರು ಯಾರಾದರೂ ಕೇಳಿದರೆ ಒಂದು ವಾರಕ್ಕೆ ಅಂತ ಕೊಟ್ಟು ಕಳಿಸುತ್ತೇನೆ.