ಬಂದೂಕು ನಿಷೇಧದ ಫಲಕ: ಮುಕ್ಕಾಲು ಇಂಚು ಸಾಲದು

ಟೆಕ್ಸಾಸ್‌ನಲ್ಲಿರುವ ನಮ್ಮ ದಿನಸಿ ಅಂಗಡಿಗೆ ಆನ್‌ಲೈನ್‌ನಲ್ಲಿ ತರಿಸಿದ ಫಲಕಗಳ ಜೋಡಿಯೊಂದರ ವಿಮರ್ಶೆ ಇದು. ಪಿಸ್ತೂಲಿನ ಚಿತ್ರಕ್ಕೆ ಕೆಂಪು ಗೀಟು ಎಳೆದ ಸ್ಟಿಕ್ಕರ್ ಅಂಟಿಸಿದರೆ ಸಾಕೆಂದು ನಾನೂ ತಿಳಿದಿದ್ದೆ. ಆದರೆ ಪರವಾನಗಿ ಪಡೆದವರನ್ನು ಫಲಕದ ಮೂಲಕ ತಡೆಯಬೇಕಾದರೆ, ಇಲ್ಲಿನ ದಂಡ ಸಂಹಿತೆ ಗೊತ್ತುಪಡಿಸಿದ ವಾಕ್ಯವೇ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ, ಹಿನ್ನೆಲೆಯಿಂದ ಎದ್ದು ಕಾಣುವ ಬಣ್ಣದಲ್ಲಿ, ಕನಿಷ್ಠ ಒಂದು ಇಂಚು ಎತ್ತರದ ಅಚ್ಚಕ್ಷರಗಳಲ್ಲಿ ಇರಬೇಕು. ಪಿಸ್ತೂಲನ್ನು ಮರೆಮಾಚಿ ತರುವವರಿಗೆ 30.06ನೇ ಕಲಮು, ಕಾಣುವಂತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಬರುವವರಿಗೆ 2016ರ ಜನವರಿ 1ರಿಂದ ಜಾರಿಯಲ್ಲಿರುವ 30.07ನೇ ಕಲಮು ಅನ್ವಯಿಸುವುದರಿಂದ ಎರಡು ಫಲಕಗಳು ಬೇಕಾಗುತ್ತವೆ.

ತಗಡು ಗಟ್ಟಿಯಾಗಿದೆ, ಬಣ್ಣ ಬಿಸಿಲಿಗೆ ಇನ್ನೂ ಮಾಸಿಲ್ಲ. ಆದರೆ ಅಳತೆಪಟ್ಟಿ ಹಿಡಿದಾಗ ಇಂಗ್ಲಿಷ್ ಅಕ್ಷರಗಳು ಸರಿಯಿದ್ದು, ಸ್ಪ್ಯಾನಿಷ್ ಸಾಲುಗಳು ಮುಕ್ಕಾಲು ಇಂಚಿಗೇ ನಿಂತಿದ್ದವು. ಜಾಗ ಉಳಿಸಲು ಹೀಗೆ ಮಾಡಿರಬೇಕು. ಮಾರಾಟಗಾರರು ತಕರಾರಿಲ್ಲದೆ ಬದಲಿ ಕಳುಹಿಸಿದರಾದರೂ ಸಾಗಣೆ ವೆಚ್ಚ ನಮ್ಮ ತಲೆಗೇ ಬಂತು. 30.07ರ ಫಲಕ ಪ್ರತಿಯೊಂದು ಪ್ರವೇಶದ್ವಾರದಲ್ಲೂ ಇರಬೇಕೆಂಬ ವಿಷಯವನ್ನು ಅವರ ವಿವರಣೆಯಲ್ಲಿ ಎಲ್ಲೂ ಹೇಳಿಲ್ಲ. ಪಾರ್ಕಿಂಗ್ ಕಡೆಯ ಬಾಗಿಲಿಗೆ ಇನ್ನೊಂದನ್ನು ಕೊಳ್ಳಬೇಕಾಯಿತು. 2021ರ ಸೆಪ್ಟೆಂಬರ್‌ನಿಂದ ಪರವಾನಗಿಯಿಲ್ಲದೆಯೂ ಪಿಸ್ತೂಲು ಒಯ್ಯಲು ಅವಕಾಶವಿರುವುದರಿಂದ, ಅಂಥವರಿಗಾಗಿ 30.05ನೇ ಕಲಮಿನ ಫಲಕವೂ ಜೊತೆಗಿದ್ದಿದ್ದರೆ ಒಳ್ಳೆಯದಿತ್ತು.

ಫಲಕ ಮೀರಿ ಬಂದವರಿಗೆ ದಂಡ ಗರಿಷ್ಠ 200 ಡಾಲರ್. ಬಾಯಿಮಾತಿನಲ್ಲಿ ಹೇಳಿದ ಮೇಲೂ ಹೊರಡದಿದ್ದರೆ ಅಪರಾಧದ ದರ್ಜೆ ಏರುತ್ತದೆ. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಗಾಜಿನ ಬಾಗಿಲಿನ ಬಹುಪಾಲನ್ನು ಇವೇ ಆಕ್ರಮಿಸಿರುವುದರಿಂದ ಮಾವಿನಹಣ್ಣಿನ ಜಾಹೀರಾತು ಈಗ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ಹೋಗಿದೆ.