ಸೈನ್ಯದ ಕಡತವೋ, ಪದಕದ ಕಾರ್ಡೋ, ಚರ್ಚಿನ ರಿಜಿಸ್ಟರೋ?

ನನ್ನ ಹೆಂಡತಿ ಬೆಂಗಳೂರು ದಂಡಿನ ಆಂಗ್ಲೋ ಇಂಡಿಯನ್ ಮನೆತನದವಳು. ಅವಳ ಮುತ್ತಜ್ಜ ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಫಿರಂಗಿ ಪಡೆಯಲ್ಲಿ ಗನ್ನರ್, ಅಂದರೆ ಸಾಮಾನ್ಯ ಸಿಪಾಯಿ, ಆಗಿದ್ದವರು. ಮನೆಯಲ್ಲಿ ಉಳಿದಿದ್ದು ಒಂದು ಬೆಳ್ಳಿ ಪದಕ. ಅದರ ಅಂಚಿನಲ್ಲಿ ನಂಬರು, ಹೆಸರು, ‘ಆರ್.ಎ.’ ಎಂಬ ಎರಡಕ್ಷರ. ಅಷ್ಟನ್ನೇ ಹಿಡಿದುಕೊಂಡು ಅವರ ಬದುಕನ್ನು ಹುಡುಕಲು ಮೂರು ದಾರಿ ನೋಡಿದೆ.

ಎಲ್ಲರೂ ಮೊದಲು ಹೇಳುವುದು ಸೇವಾ ಕಡತವನ್ನು. ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಡಬ್ಲ್ಯುಓ (ವಾರ್ ಆಫೀಸ್, ಯುದ್ಧ ಇಲಾಖೆ) 363 ಸರಣಿ ಚಂದಾ ಕಟ್ಟಿ ನೋಡುವ ವಂಶಾವಳಿ ಜಾಲತಾಣಗಳಾದ ಆನ್‌ಸೆಸ್ಟ್ರಿಯಲ್ಲೂ ಫೈಂಡ್‌ಮೈಪಾಸ್ಟ್‌ನಲ್ಲೂ ಸಿಗುತ್ತದೆ. ಸಿಕ್ಕವರಿಗೆ ಹಬ್ಬ: ಎತ್ತರ, ಕಾಯಿಲೆ, ಶಿಕ್ಷೆ, ಎಲ್ಲ ಇರುತ್ತದೆ. ಆದರೆ 1940ರ ಸೆಪ್ಟೆಂಬರ್‌ನ ಬಾಂಬ್ ದಾಳಿಯಲ್ಲಿ ಮೊದಲ ಮಹಾಯುದ್ಧದ ಸೈನಿಕರ ಕಡತಗಳಲ್ಲಿ ಸುಮಾರು ಶೇ. 60 ಸುಟ್ಟುಹೋದವು. ನಮ್ಮವರದೂ ಬೂದಿಯಾಗಿರಬೇಕು. ಒಂದು ತಿಂಗಳ ಚಂದಾ ದಂಡ.

ಎರಡನೆಯದು ಯಾರಿಗೆ ಯಾವ ಪದಕ ಎಂದು ಬರೆದಿಟ್ಟ ಪದಕದ ಕಾರ್ಡು, ಡಬ್ಲ್ಯುಓ 372. ಇದು ಸುಡಲಿಲ್ಲ. ‘ಆರ್.ಎ.’ ಅಂದರೆ ರಾಯಲ್ ಆರ್ಟಿಲರಿ; ಅದರಲ್ಲಿ ಅವರಿದ್ದದ್ದು ರಾಯಲ್ ಫೀಲ್ಡ್ ಆರ್ಟಿಲರಿ ಎಂದು ಗೊತ್ತಾಗಿದ್ದು ಇದರಿಂದಲೇ. ಅವರಿಗೆ ಸಂದಿದ್ದು ಮೂರು ಪದಕ ಎಂಬುದೂ ತಿಳಿಯಿತು; ಉಳಿದೆರಡು ಯಾರ ಪಾಲಾದವೋ! ಒಂದು ಎಚ್ಚರಿಕೆ: 1920ಕ್ಕೆ ಮೊದಲು ನಂಬರು ಕೊಡುತ್ತಿದ್ದದ್ದು ಆಯಾ ರೆಜಿಮೆಂಟು. ಒಂದೇ ನಂಬರು ಹಲವರಿಗೆ ಇರುತ್ತದೆ. ಹೆಸರೂ ನಂಬರೂ ಎರಡೂ ಕೂಡಿಬಂದರೆ ಮಾತ್ರ ನಂಬಿ. ಕಾರ್ಡಿನ ಕೊರತೆಯೆಂದರೆ, ಮನುಷ್ಯ ಅದರೊಳಗಿಲ್ಲ. ಬ್ಯಾಟರಿ, ಅಂದರೆ ಅವರಿದ್ದ ಫಿರಂಗಿ ತುಕಡಿಯ, ನಂಬರು ಕೂಡ ಇರಲಿಲ್ಲ.

ಕೊನೆಗೆ ಹಿಡಿದ ದಾರಿಯನ್ನೇ ಮೊದಲು ಹಿಡಿಯಬೇಕಿತ್ತು. ಮದ್ರಾಸ್ ಪ್ರಾಂತ್ಯದ ಚರ್ಚುಗಳು ದೀಕ್ಷಾಸ್ನಾನ, ಮದುವೆ, ಸಮಾಧಿಯ ದಾಖಲೆಗಳ ನಕಲನ್ನು ಲಂಡನ್ನಿಗೆ ಕಳಿಸುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯ ಎನ್/2 ಸರಣಿ. ಬ್ರಿಟಿಷ್ ಇಂಡಿಯಾದ ಕುಟುಂಬಗಳ ಚರಿತ್ರೆ ಹುಡುಕುವವರ ಫಿಬಿಸ್ ಎಂಬ ಸಂಘದ ಹುಡುಕುಪಟ್ಟಿ ಉಚಿತ, ಮೂಲ ಪುಟದ ಚಿತ್ರಕ್ಕೆ ಫೈಂಡ್‌ಮೈಪಾಸ್ಟ್. ನಾನು ನೋಡಿದ ಒಂದು ಪಟ್ಟಿಯಲ್ಲಿ ಮನೆತನದ ಹೆಸರಿನ ಒಂದಕ್ಷರ ತಪ್ಪಾಗಿತ್ತು, ಅದಕ್ಕೇ ಎರಡು ವಾರ ಹೋಯಿತು. ಮುತ್ತಜ್ಜನ ಹೆಂಡತಿಯ ಹೆಸರು ಹಾಕಿ ಹುಡುಕಿದಾಗ ಸಿಕ್ಕಿತು: ಬೆಂಗಳೂರಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಮದುವೆ, ವಯಸ್ಸು, ತಂದೆಯ ಹೆಸರು, ಹುದ್ದೆ, ಬ್ಯಾಟರಿ ನಂಬರು. ಮೆಟ್ರೋದಲ್ಲಿ ದಿನಾ ಟ್ರಿನಿಟಿ ಸ್ಟೇಷನ್ ದಾಟುವವನು ನಾನು!

ಆಮೇಲೆ ಮಕ್ಕಳ ದಾಖಲೆಗಳನ್ನು ಜೋಡಿಸಿದೆ. ಒಂದರಲ್ಲಿ ಗನ್ನರ್, ಇನ್ನೊಂದರಲ್ಲಿ ಬಾಂಬಾರ್ಡಿಯರ್ (ಗನ್ನರ್‌ಗಿಂತ ಮೇಲಿನ ದರ್ಜೆ), ಯುದ್ಧದ ನಂತರದ್ದರಲ್ಲಿ ರೈಲ್ವೆ ಗಾರ್ಡ್. ಸೈನ್ಯ ಬಿಟ್ಟ ಕಾಲ ಹೀಗೆ ಗೊತ್ತಾಯಿತು, ಕಡತವಿಲ್ಲದೆಯೇ. ಮದುವೆಯಾಗದೆ ಊರಿಗೆ ಮರಳಿದ ಸೈನಿಕನಾಗಿದ್ದರೆ ಈ ದಾರಿ ಕೈಕೊಡುತ್ತಿತ್ತು, ಅದು ನಿಜ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿ ಉಚಿತವೇ, ಆದರೆ ಯುದ್ಧಕಾಲದ ಸೇವೆಗೆ ಪ್ರಾಣ ತೆತ್ತವರಿಗಷ್ಟೇ.

ಬ್ಯಾಟರಿ ನಂಬರು ಸಿಕ್ಕಿತಲ್ಲ, ಈಗ ಡಬ್ಲ್ಯುಓ 95 ಸರಣಿಯ ಯುದ್ಧ ದಿನಚರಿ, ಅಂದರೆ ಸೈನ್ಯದ ತುಕಡಿಗಳು ದಿನದಿನ ಬರೆದಿಟ್ಟ ವರದಿ, ಓದುತ್ತಿದ್ದೇನೆ. ಅಧಿಕಾರಿಗಳಿಗೆ ಅದರಲ್ಲಿ ಹೆಸರಿದೆ. ಗನ್ನರ್‌ಗಳು ಸತ್ತರೂ ಗಾಯಗೊಂಡರೂ ಬರೀ ಎಣಿಕೆ.